ಎರಡನೆಯ ಸಲ ಕೇಳಲಿಲ್ಲ

ಎಲ್ಸಿ ಶಿರೋಮಾ ಹವಾಯಿಯ ಹಿಲೋ ಊರಿನ ಮಕಡೇಮಿಯ ಬೀಜದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ನಿಂತೇ ಕೆಲಸ ಮಾಡಿದವಳು. ಚಿಪ್ಪು ಒಡೆದ ಬೀಜಗಳು ಚಲಿಸುವ ಪಟ್ಟಿಯ ಮೇಲೆ ಹರಿದು ಬರುತ್ತಿದ್ದವು. ಬೆಳ್ಳಗಿದ್ದವನ್ನು ಹೋಗಲು ಬಿಟ್ಟು, ಕಂದು ತಿರುಗಿದ್ದನ್ನು, ಹುಳು ಕೊರೆದದ್ದನ್ನು, ಚಿಪ್ಪಿನ ಚೂರನ್ನು ಆರಿಸಿ ಪಕ್ಕದ ಡಬ್ಬಕ್ಕೆ ಹಾಕುವುದು ಕೆಲಸ. ಅದಕ್ಕೆ ದೊಡ್ಡ ಬುದ್ಧಿಯೇನೂ ಬೇಕಿರಲಿಲ್ಲ. ಕಣ್ಣನ್ನು ಒಂದು ಕಡೆ ನೆಟ್ಟು ಮನಸ್ಸನ್ನು ಇನ್ನೊಂದು ಕಡೆ ಬಿಡಲು ಬಂದರೆ ಸಾಕಿತ್ತು. ಪಟ್ಟಿಯ ಆಚೆ ಬದಿಯಲ್ಲಿ ಅದೇ ಕೆಲಸಕ್ಕೆ ನಿಲ್ಲುತ್ತಿದ್ದವಳು ಬ್ಲಾಂಚ್ ಮೆಡೈರೋಸ್. ಇಬ್ಬರ ನಡುವೆ ಮೂರಡಿ ಅಗಲದ ಪಟ್ಟಿ. ಅದರ ಮೇಲೆ ಬೀಜಕ್ಕಿಂತ ಹೆಚ್ಚಾಗಿ ಹರಿದದ್ದು ಮಾತು.

ಆ ಮಾತಿನಲ್ಲಿ ಮುಕ್ಕಾಲು ಪಾಲು ಬ್ಲಾಂಚಳದು. ಅವಳ ಅಜ್ಜ ಪೋರ್ಚುಗಲ್ ಕಡೆಯ ದ್ವೀಪದಿಂದ, ಎಲ್ಸಿಯ ಅಜ್ಜ ಜಪಾನಿನ ಓಕಿನಾವಾದಿಂದ, ಇಬ್ಬರೂ ಒಂದೇ ಕಬ್ಬಿನ ತೋಟಕ್ಕೆ ಕೂಲಿಗೆಂದು ಬಂದವರು. ಮೊಮ್ಮಕ್ಕಳ ಕಾಲಕ್ಕೆ ಕಬ್ಬು ಹೋಗಿತ್ತು, ತೋಟದ ಸಾಲುಮನೆಗಳ ನೆರೆತನ ಮಾತ್ರ ಉಳಿದಿತ್ತು. ಬ್ಲಾಂಚ್ ನಗುವುದು ಕಾರ್ಖಾನೆಯ ಗೇಟಿಗೆ ಕೇಳಿಸುತ್ತಿತ್ತು. ಎಲ್ಸಿ ನಕ್ಕರೆ ಬಾಯಿಗೆ ಕೈ ಅಡ್ಡ ಬರುತ್ತಿತ್ತು.

ಇನ್ನೊಂದು ವ್ಯತ್ಯಾಸವೂ ಇತ್ತು. ಎಲ್ಸಿಯ ಮನೆಯಲ್ಲಿ ಯಾರಾದರೂ ಏನಾದರೂ ಕೊಡಲು ಬಂದರೆ ಮೊದಲು ಬೇಡ ಅನ್ನಬೇಕು. ಕೊಡುವವರು ಮತ್ತೆ ಹೇಳಬೇಕು. ಮತ್ತೆ ಬೇಡ ಅನ್ನಬೇಕು. ಮೂರನೆಯ ಸಲಕ್ಕೆ, ಇಷ್ಟು ಹೇಳುತ್ತಿದ್ದೀರಲ್ಲ ಎಂದು ತಲೆ ತಗ್ಗಿಸಿ ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು. ಮೊದಲ ಸಲಕ್ಕೇ ಕೈ ಚಾಚುವವರನ್ನು ಎಲ್ಸಿಯ ತಾಯಿ ಹಸಿದ ನಾಯಿಗೆ ಹೋಲಿಸುತ್ತಿದ್ದಳು. ಬ್ಲಾಂಚಳ ಮನೆಯಲ್ಲಿ ಈ ಗೋಜಿಲ್ಲ. ಬೇಕಾದರೆ ತಿನ್ನು, ಬೇಡವಾದರೆ ನಾನು ತಿನ್ನುತ್ತೇನೆ. ಕಾರ್ಖಾನೆಯ ಊಟದ ಹೊತ್ತಿನಲ್ಲಿ ಬ್ಲಾಂಚ್ ಸಿಹಿ ಬ್ರೆಡ್ಡಿನ ಕೊನೆಯ ತುಂಡನ್ನು ಮುಂದೆ ಹಿಡಿಯುತ್ತಿದ್ದಳು. ಎಲ್ಸಿ "ಬೇಡ ಬೇಡ" ಅನ್ನುತ್ತಿದ್ದಳು. ತುಂಡು ಬ್ಲಾಂಚಳ ಬಾಯಿಗೆ ಹೋಗುತ್ತಿತ್ತು. ಇದರಿಂದ ಎಲ್ಸಿ ಎಷ್ಟು ಬ್ರೆಡ್ಡು ಕಳೆದುಕೊಂಡಳೋ. ಆದರೆ ಬೇಸರ ಮಾಡಿಕೊಂಡವಳಲ್ಲ. ಅವರ ಪದ್ಧತಿ ಅವರಿಗೆ, ಅವರಿಗೇನು ಗೊತ್ತು ಪಾಪ ಎಂದು ಬಿಟ್ಟುಬಿಡುತ್ತಿದ್ದಳು.

ಇಬ್ಬರೂ ವಿಧವೆಯರಾದ ಮೇಲೆ ವರ್ಷಕ್ಕೊಮ್ಮೆ ಲಾಸ್ ವೇಗಸ್‌ಗೆ ಹೋಗುವುದು ರೂಢಿಯಾಯಿತು. ನಮ್ಮಲ್ಲಿ ಇದು ದೊಡ್ಡಸ್ತಿಕೆಯಲ್ಲ. ಹವಾಯಿಯ ದ್ವೀಪಗಳು ಎಂಟು, ವೇಗಸ್ ಒಂಬತ್ತನೆಯದು ಎಂದೇ ನಮ್ಮವರ ಮಾತು. ಬಾಡಿಗೆ ಟ್ಯಾಕ್ಸಿಯವನಿಂದ ಹಿಡಿದು ಪಾದ್ರಿಯವರೆಗೆ ಎಲ್ಲರೂ ಹೋಗುತ್ತಾರೆ. ವಿಮಾನ, ಕೋಣೆ, ಊಟ ಎಲ್ಲ ಸೇರಿ ಒಂದೇ ಟಿಕೆಟ್ಟು. ಹಳೆಯ ಪೇಟೆಯಲ್ಲಿ ನಮ್ಮವರೇ ತುಂಬಿರುವ ಹೋಟೆಲಿನಲ್ಲಿ ಇಳಿದುಕೊಂಡು, ನಮ್ಮ ಅನ್ನವನ್ನೇ ತಿಂದು, ಕೆಳಗಿನ ಜೂಜಿನ ಅಂಗಳದಲ್ಲಿ ಯಂತ್ರದ ಮುಂದೆ ಕೂರುವುದು. ಊರಲ್ಲಿ ವರ್ಷಗಟ್ಟಲೆ ಕಾಣದವರು ಅಲ್ಲಿ ಲಿಫ್ಟಿನಲ್ಲಿ ಸಿಗುತ್ತಾರೆ.

ಆ ಯಂತ್ರದ ಮುಂದೆ ಇಬ್ಬರಿಗೂ ಒಂದು ಅಭ್ಯಾಸ ಬೆಳೆದಿತ್ತು. ಬ್ಲಾಂಚಳ ಕೈ ಒಳ್ಳೆಯ ಕೈ ಎಂದು ನಂಬಿಕೆ. ಎಲ್ಸಿಯ ಯಂತ್ರ ಹೊತ್ತು ಮೀರಿಯೂ ಏನೂ ಕೊಡದಿದ್ದರೆ ಬ್ಲಾಂಚಳನ್ನು ಕರೆದು ಒಂದು ಸಲ ಗುಂಡಿ ಒತ್ತಿಸುವುದು. ಗುಂಡಿ ಒತ್ತಿದ ಕ್ಷಣಕ್ಕೆ ಯಂತ್ರದೊಳಗೆ ಯಾವ ಅಂಕೆ ಬಂದಿರುತ್ತದೋ ಅದೇ ಫಲ. ಹಿಂದಿನ ಸುತ್ತು ಅದಕ್ಕೆ ನೆನಪಿರುವುದಿಲ್ಲ, ಬೆರಳು ಯಾರದೆಂಬುದೂ ತಿಳಿಯುವುದಿಲ್ಲ. ಎಲ್ಸಿಗೂ ಇದು ಗೊತ್ತಿತ್ತು. ಆದರೂ ಕರೆಯುತ್ತಿದ್ದಳು. ಎರಡು ಸಲ ಬ್ಲಾಂಚಳ ಕೈಯಿಂದ ನಾನೂರು, ಐನೂರು ಡಾಲರ್ ಬಿದ್ದದ್ದೂ ಉಂಟು. ಆಗೆಲ್ಲ ಯಂತ್ರವೇ ಗೆದ್ದ ಹಣದ ಚೀಟಿ ಉಗುಳುತ್ತಿತ್ತು, ಚೀಟಿ ಎಲ್ಸಿಯ ಕೈಗೆ ಬರುತ್ತಿತ್ತು. ಅವಳು ಬ್ಲಾಂಚಳಿಗೆ ಊಟ ಹಾಕಿಸುತ್ತಿದ್ದಳು. ಅಲ್ಲಿಗೆ ಮುಗಿಯುತ್ತಿತ್ತು.

ಈಗ ಹೇಳುವ ವರ್ಷ ಎಲ್ಸಿಗೆ ಎಪ್ಪತ್ತೊಂದು. ಅವಳು ಬಾಡಿಗೆಗಿದ್ದ ಮರದ ಮನೆಯ ಒಡತಿ ತೀರಿಕೊಂಡಿದ್ದಳು. ಹೊನೊಲುಲುವಿನಲ್ಲಿದ್ದ ಒಡತಿಯ ತಮ್ಮನ ಮಗ ಒಳ್ಳೆಯವನು. ಬಂದು, "ಆಂಟಿ, ಮನೆ ಮಾರ್ತಾ ಇದೀನಿ. ಮೊದಲು ನಿಮ್ಮನ್ನ ಕೇಳ್ತೀನಿ. ಮುಂಗಡ ಹೊಂದಿಸಿದ್ರೆ ಹೊಸ ವರ್ಷದವರೆಗೂ ಬೇರೆಯವರಿಗೆ ತೋರಿಸಲ್ಲ" ಎಂದು ಹೇಳಿಹೋಗಿದ್ದ. ಆ ಮನೆಯ ಹಿಂಬದಿಯಲ್ಲಿ ಎಲ್ಸಿಯ ಗಂಡ ಮಿಟ್ಸ್ ಒಂದು ಸ್ನಾನದ ಮನೆ ಕಟ್ಟಿದ್ದ. ಕೆಂಪು ಮರದ ತೊಟ್ಟಿ, ಕೆಳಗೆ ಸೌದೆ ಒಲೆ, ಕುತ್ತಿಗೆಯವರೆಗೆ ಬಿಸಿನೀರು. ಮಕ್ಕಳಿಲ್ಲದ ಗಂಡಹೆಂಡಿರು ದಿನದ ಕೊನೆಗೆ ಮಾತಾಡುತ್ತಿದ್ದದ್ದು ಅಲ್ಲೇ. ಬಾಡಿಗೆ ಮನೆಗೆ ಇಷ್ಟೆಲ್ಲ ಯಾಕೆ ಮಾಡುತ್ತೀಯ ಎಂದು ಊರವರು ನಕ್ಕಿದ್ದರು. ಅವನು ಸತ್ತ ಮೇಲೂ ಎಲ್ಸಿ ದಿನಾ ಸಂಜೆ ಒಲೆ ಹೊತ್ತಿಸುತ್ತಿದ್ದಳು.

ಮುಂಗಡದಷ್ಟು ಹಣ ಅವಳಲ್ಲಿರಲಿಲ್ಲ. ಬ್ಲಾಂಚಳಿಗೆ ಇದೆಲ್ಲ ಗೊತ್ತಿತ್ತು. ವಿಮಾನ ಹತ್ತುವಾಗ ಅವಳೇ ಅಂದಳು, "ಈ ಸಲ ಗೆದ್ದು ಆ ಮನೆ ತಗೊಂಡೇ ಬಿಡೋಣ ಕಣೇ."

ಮೊದಲ ಸಂಜೆ ಹೋಟೆಲಿನ ಉಪಾಹಾರ ಮಂದಿರದಲ್ಲಿ ದನದ ಬಾಲದ ಸೂಪಿಗೆ ಸಾಲು ನಿಂತಿತ್ತು. ಹಿಂದಿನಿಂದ ಒಬ್ಬ ದಪ್ಪನೆಯ ಗಂಡಸು ಬಗ್ಗಿ ಕೇಳಿದ. "ಆಂಟಿ, ನೀವು ಹಿಲೋ ಕಡೆಯವರಲ್ವಾ?"

"ಅದು ಹೇಗೆ ಗೊತ್ತಾಯ್ತು?" ಎಂದಳು ಬ್ಲಾಂಚ್.

"ಮರುಭೂಮೀಲೂ ಕೊಡೆ ಹಿಡ್ಕೊಂಡು ಬಂದಿದೀರಲ್ಲ."

ಹಿಲೋದಲ್ಲಿ ಮಳೆ ಬಾರದ ದಿನ ಅಪರೂಪ. ಬ್ಲಾಂಚ್ ಕೊಡೆಯನ್ನು ನೋಡಿಕೊಂಡು ನಕ್ಕಳು. ನಂತರ ನಮ್ಮವರು ಇಬ್ಬರು ಸೇರಿದಲ್ಲಿ ತಪ್ಪದೆ ಬರುವ ಪ್ರಶ್ನೆ ಬಂತು. "ಯಾವ ಸ್ಕೂಲಪ್ಪ ನೀನು?"

"ವಯಾಕೇಯ ಹೈಸ್ಕೂಲು, ಆಂಟಿ."

"ಹೋಗ್ಲಿ ಬಿಡು. ಎಲ್ಲರಿಗೂ ನಮ್ಮ ಸ್ಕೂಲಿನಂಥ ಒಳ್ಳೆ ಸ್ಕೂಲು ಸಿಗಲ್ಲ. ಯಾರ ಮಗ?"

"ಪರ್ಲ್ ನಹಾಲೆ ಮಗ. ಕ್ಲೈಡ್."

ಪರ್ಲ್ ನಹಾಲೆ ಇವರ ಜೊತೆಗೇ ಬೀಜ ಆರಿಸಿದವಳು. ಎಲ್ಸಿ ಹತ್ತಿರ ಹೋಗಿ ಅವನ ತೋಳು ಹಿಡಿದಳು. "ನಿನ್ನ ಗುಂಗುರು ಕೂದಲಿಗೆ ನಾನು ಎಣ್ಣೆ ಹಚ್ಚಿದೀನಿ ಕಣೋ. ಎಲ್ಲಿ ಹೋಯ್ತು ಆ ಕೂದಲೆಲ್ಲ?"

"ವೇಗಸ್ಸಲ್ಲಿ ಎಲ್ಲಾ ಕಳ್ಕೋತಾರೆ ಆಂಟಿ. ನಾನು ಕೂದಲು ಕಳ್ಕೊಂಡೆ."

ಕ್ಲೈಡ್ ಅಲ್ಲಿಗೆ ಬಂದು ಹನ್ನೆರಡು ವರ್ಷವಾಗಿತ್ತು. ಇನ್ನೊಂದು ಹೋಟೆಲಿನ ಜೂಜಿನ ಅಂಗಳದಲ್ಲಿ ಕಾವಲಿನ ಕೆಲಸ. "ಊರಲ್ಲಿ ಮನೆ ತಗೊಳ್ಳೋಕೆ ಈ ಜನ್ಮದಲ್ಲಿ ಆಗ್ತಿರಲಿಲ್ಲ. ಇಲ್ಲಿ ಮೂರು ರೂಮಿನ ಸ್ವಂತ ಮನೆ ಇದೆ. ಸಮುದ್ರ ಒಂದಿಲ್ಲ" ಅಂದ.

"ಸಮುದ್ರ ಇದ್ದೋರಿಗೆ ಮನೆ ಇಲ್ಲ, ಮನೆ ಇದ್ದೋರಿಗೆ ಸಮುದ್ರ ಇಲ್ಲ" ಎಂದು ಬ್ಲಾಂಚ್ ಎಲ್ಸಿಯ ಕಡೆ ನೋಡಿದಳು. ಮೂವರೂ ಒಂದೇ ಮೇಜಿನಲ್ಲಿ ಕೂತು ಸೂಪು ಕುಡಿದರು. ಬಿಲ್ಲು ಕ್ಲೈಡ್ ಕೊಟ್ಟ. ಎಲ್ಸಿ ಎರಡು ಸಲ ಬೇಡ ಅಂದಳು.

ಗೆಲುವು ಬಂದದ್ದು ಮೂರನೆಯ ದಿನ, ಬೆಳಗಿನ ತಿಂಡಿಯಾದ ಮೇಲೆ. ಎಲ್ಸಿ ಅಂದಿಗೆಂದು ಎತ್ತಿಟ್ಟ ಹಣದ ಕೊನೆಯ ನೋಟು ಯಂತ್ರದೊಳಗಿತ್ತು. ಬ್ಲಾಂಚ್ ಆಗಲೇ ತನ್ನದನ್ನು ಕಳೆದುಕೊಂಡು, ಎಲ್ಸಿಯ ಹಿಂದೆ ನಿಂತು ಹುರಿದ ಕೋಳಿಯ ರೆಕ್ಕೆ ತಿನ್ನುತ್ತಿದ್ದಳು.

"ಬ್ಲಾಂಚ್, ಒಂದು ಸಲ ಒತ್ತೇ."

"ಕೈಯೆಲ್ಲ ಎಣ್ಣೆ ಕಣೇ."

"ಇರ್ಲಿ. ಎಣ್ಣೆ ಇದ್ರೆ ಜಾರ್ಕೊಂಡು ಬರುತ್ತೆ."

ಬ್ಲಾಂಚ್ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, ಎಲ್ಸಿಯ ಭುಜದ ಮೇಲಿಂದ ಕೈ ಚಾಚಿ ಗುಂಡಿ ಒತ್ತಿದಳು. ಚಕ್ರಗಳು ತಿರುಗಿ ಒಂದೊಂದಾಗಿ ನಿಂತವು. ಯಂತ್ರದ ನೆತ್ತಿಯ ದೀಪ ಉರಿಯತೊಡಗಿತು, ಗಂಟೆ ಹೊಡೆಯತೊಡಗಿತು. ಚೀಟಿ ಬರಲಿಲ್ಲ. ಅಷ್ಟು ದೊಡ್ಡ ಗೆಲುವಿಗೆ ಯಂತ್ರ ಚೀಟಿ ಕೊಡುವುದಿಲ್ಲ, ಜನ ಬರಬೇಕು. ಅರವತ್ತೆರಡು ಸಾವಿರ ಡಾಲರ್ ಎಂದು ಪರದೆಯ ಮೇಲಿತ್ತು. ಎಲ್ಸಿಯ ಮುಂಗಡಕ್ಕೆ ಅದರಲ್ಲಿ ಅರ್ಧ ಸಾಕಿತ್ತು.

ಅಂಗಳದ ಮೇಲ್ವಿಚಾರಕಿ ಬಂದಳು. ಕಿರಿಯ ವಯಸ್ಸಿನವಳು, ನಗುಮುಖ. ಕೇಳಿದ್ದು ಒಂದೇ ಮಾತು. "ಗುಂಡಿ ಒತ್ತಿದ್ದು ಯಾರು?"

ಎಲ್ಸಿಯ ಸಂತೋಷಕ್ಕೆ ಮಿತಿ ಇರಲಿಲ್ಲ. ಬ್ಲಾಂಚಳನ್ನು ಮುಂದಕ್ಕೆ ತಳ್ಳಿದಳು. "ಇವಳು, ನನ್ನ ಫ್ರೆಂಡು. ಇವಳ ಕೈಯೇ ಹಾಗೆ, ಯಾವಾಗ್ಲೂ."

ಆ ಹುಡುಗಿ ಬ್ಲಾಂಚಳ ಕಡೆ ತಿರುಗಿ ಗುರುತಿನ ಚೀಟಿ ಕೇಳಿದಳು. ಎಲ್ಸಿಗೆ ಆಗ ಸ್ವಲ್ಪ ಗಾಬರಿಯಾಯಿತು. "ದುಡ್ಡು ಹಾಕಿದ್ದು ನಾನು" ಅಂದಳು. ಅದು ಹಕ್ಕಿನ ಮಾತಾಗಿ ಬರಲಿಲ್ಲ, ಕ್ಷಮೆ ಕೇಳಿದ ಹಾಗೆ ಬಂತು.

"ಒತ್ತಿದವರದ್ದು, ಮೇಡಂ. ನಿಯಮ ಅದೇ. ಮೇಲೆ ಕ್ಯಾಮೆರಾ ಇದೆ, ಅದನ್ನ ನೋಡೇ ಬರೆಯೋದು."

"ಅದೇನು ನಿಯಮಾನೋ" ಎಂದಳು ಬ್ಲಾಂಚ್. ಎಲ್ಸಿಯ ಬೆನ್ನು ಸವರಿದಳು. "ಇರ್ಲಿ ಬಿಡೇ. ನಾವು ನಾವು ನೋಡ್ಕೊಳ್ಳೋಣ."

ಆ ಮಾತಿನಿಂದ ಎಲ್ಸಿ ಹಗುರಾದಳು. ಚೆಕ್ಕು ಬರೆಯುವವರೆಗೂ ಪಕ್ಕದ ಕುರ್ಚಿಯಲ್ಲಿ ಕೂತು, ಸೇರಿದ ಜನರಿಗೆಲ್ಲ ತಾನೇ ಕಥೆ ಹೇಳಿದಳು. ಸೇರಿದವರಲ್ಲಿ ಹಿಲೋದ ಒಬ್ಬ ಹಲ್ಲಿನ ವೈದ್ಯನೂ ಇದ್ದ, ಅವನ ಅತ್ತೆಯೂ ಇದ್ದಳು.

ಮಧ್ಯಾಹ್ನ ಕೋಣೆಯಲ್ಲಿ ಇಬ್ಬರೂ ಎದುರುಬದುರು ಹಾಸಿಗೆಗಳ ಮೇಲೆ ಕೂತಿದ್ದರು. ಬ್ಲಾಂಚ್ ಚೆಕ್ಕನ್ನು ಬಿಡಿಸಿ ನೋಡಿ ಮತ್ತೆ ಮಡಿಸಿದಳು. "ಊರಿಗೆ ಹೋಗಿ ಬ್ಯಾಂಕಿಗೆ ಹಾಕಿ, ಅರ್ಧ ನಿಂಗೆ ಕೊಡ್ಲಾ?"

ಎಲ್ಸಿಯ ಬಾಯಿ ಎಪ್ಪತ್ತು ವರ್ಷದ ಅಭ್ಯಾಸದಂತೆ ತಾನೇ ತೆರೆಯಿತು. "ಬೇಡ ಬೇಡ. ನಿನ್ನ ಕೈ, ನಿನ್ನ ಅದೃಷ್ಟ."

ಬ್ಲಾಂಚ್ ಅವಳನ್ನೇ ನೋಡಿದಳು. "ಸರಿ ಹಾಗಾದ್ರೆ" ಎಂದು ಚೆಕ್ಕನ್ನು ಚೀಲದೊಳಗಿನ ಚೀಲಕ್ಕೆ ಹಾಕಿ ಜಿಪ್ಪು ಎಳೆದಳು.

ಎಲ್ಸಿ ಮಡಿಲಲ್ಲಿ ಕೈ ಇಟ್ಟುಕೊಂಡು ಕೂತೇ ಇದ್ದಳು. ಎರಡನೆಯ ಮಾತು ಬರಲೆಂದು ಜಾಗ ಬಿಟ್ಟು ಕಾಯುತ್ತಿದ್ದಳು. ಬ್ಲಾಂಚ್ ಚಪ್ಪಲಿ ಕಳಚಿದಳು. ನೀರು ಕುಡಿದಳು. ಮಗಳಿಗೆ ಫೋನು ಮಾಡಿ ಗಟ್ಟಿಯಾಗಿ ನಕ್ಕಳು. ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದಳು. ಇನ್ನೇನು ಎದ್ದು ಹೇಳುತ್ತಾಳೆ ಎಂದು ಎಲ್ಸಿ ಟೀವಿಯನ್ನೂ ಹಾಕಲಿಲ್ಲ.

ಮರುದಿನ ಬ್ಲಾಂಚ್ ಕೂದಲು ಕತ್ತರಿಸಿಕೊಳ್ಳಲು ಹೋಗಿದ್ದಾಗ ಕ್ಲೈಡ್ ಉಪಾಹಾರ ಮಂದಿರದಲ್ಲಿ ಸಿಕ್ಕ. ಸುದ್ದಿ ಅವನಿಗೂ ಮುಟ್ಟಿತ್ತು. ಎಲ್ಸಿ ಎದುರಿಗೆ ಕೂತು, ಅವನು ಕೇಳುತ್ತಾ ಹೋದಂತೆ ಎಲ್ಲವನ್ನೂ ಹೇಳಿದಳು. ಮನೆಯ ವಿಷಯವನ್ನೂ ಹೇಳಿದಳು.

"ಆ ನಿಯಮದ ಜಗಳ ನಾನು ತಿಂಗಳಿಗೊಂದು ಬಿಡಿಸ್ತೀನಿ" ಎಂದ ಕ್ಲೈಡ್. "ಗಂಡ ಹೆಂಡ್ತಿ, ಅಣ್ಣ ತಮ್ಮ. ಬೇರೆಯವರ ಕೈಲಿ ಒತ್ತಿಸ್ಬಾರ್ದು ಆಂಟಿ. ಆದ್ರೆ ಅವರು ಅರ್ಧ ಕೊಡ್ತೀನಿ ಅಂದ್ರಲ್ಲ, ಯಾಕೆ ಬೇಡ ಅಂದ್ರಿ?"

"ಮೊದಲನೇ ಸಲಕ್ಕೇ ಹೂಂ ಅನ್ನೋಕಾಗುತ್ತೇನಪ್ಪ?"

ಕ್ಲೈಡನಿಗೆ ನಗು ಬಂತು. ಅವಳ ಮುಖ ನೋಡಿ ನಿಲ್ಲಿಸಿದ. "ಈಗ ಹೋಗಿ ಕೇಳಿ. 'ನಂಗೆ ಬೇಕು' ಅನ್ನಿ. ಎರಡೇ ಪದ."

"ಆ ಎರಡು ಪದ ನಮ್ಮ ಮನೇಲಿ ಕಲಿಸ್ಲಿಲ್ಲ."

"ನಮ್ಮಮ್ಮನ ಹತ್ರ ಕಲೀಬೇಕಿತ್ತು. ಅವಳು ಕೇಳೋದೇ ಇಲ್ಲ, ನಿಮ್ಮ ತಟ್ಟೆಯಿಂದ ತಗೊಂಡೇ ಬಿಡೋಳು." ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕೇಳಿದ. "ನಾನು ಬ್ಲಾಂಚ್ ಆಂಟಿಗೆ ಹೇಳ್ಲಾ?"

"ಬೇಡ ಬೇಡ."

"ಇದು ಯಾವ ಬೇಡ? ಮೊದಲನೇದಾ, ಮೂರನೇದಾ?"

"ಇದು ನಿಜವಾದ್ದು" ಎಂದಳು ಎಲ್ಸಿ. ಹೊರಗಿನವನೊಬ್ಬ ಹೇಳಿ ಕೊಡಿಸಿದರೆ ಮುಂದೆ ಬ್ಲಾಂಚಳ ಮುಖವನ್ನು ಹೇಗೆ ನೋಡುವುದು? ಅವಳೇ ಕೇಳುತ್ತಾಳೆ. ಕೇಳದೆ ಇರುವವಳಲ್ಲ.

ಎಲ್ಸಿ ತನಗೆ ಸಾಧ್ಯವಾದ ರೀತಿಯಲ್ಲಿ ದಾರಿ ಮಾಡಿಕೊಟ್ಟಳು. ವಾಪಸು ವಿಮಾನದಲ್ಲಿ ಕಿಟಕಿಯ ಕಡೆ ನೋಡುತ್ತಾ, "ಹೊಸ ವರ್ಷದೊಳಗೆ ಉತ್ತರ ಹೇಳ್ಬೇಕಂತೆ, ಆ ಮನೇದು" ಅಂದಳು. ಬ್ಲಾಂಚ್ ಅವಳ ಕೈಯನ್ನು ತಟ್ಟಿ, "ದೇವರು ಒಂದು ದಾರಿ ತೋರಿಸ್ತಾನೆ ಕಣೇ" ಎಂದು ಕಣ್ಣು ಮುಚ್ಚಿದಳು. ಹಿಲೋದಲ್ಲಿ ಸಾಮಾನು ಇಳಿಸುವಾಗ ಎಲ್ಸಿ ಬ್ಲಾಂಚಳನ್ನು ಒಳಗೆ ಕರೆದು, ಸ್ನಾನದ ಮನೆಯ ಒಲೆ ಹೊತ್ತಿಸಿ ಕೊಡಲೇ ಎಂದು ಕೇಳಿದಳು. ಬ್ಲಾಂಚ್ ಸುಸ್ತಾಗಿದೆ ಎಂದು ಹೊರಟಳು.

ಸುದ್ದಿ ಇವರಿಗಿಂತ ಮುಂಚೆ ಊರು ಸೇರಿತ್ತು. ಮೀನಿನಂಗಡಿಯವಳು ತೂಕಕ್ಕಿಂತ ಒಂದು ಹೋಳು ಹೆಚ್ಚು ಹಾಕಿ, "ಅಂತೂ ಮನೆ ನಿಂದಾಯ್ತು ಬಿಡು ಆಂಟಿ" ಅಂದಳು. ಎಲ್ಸಿ ಅದು ಬ್ಲಾಂಚಳ ಗೆಲುವು ಎಂದು ತಿದ್ದಿದಳು. "ಒಂದೇ ಅಲ್ವಾ, ನೀವಿಬ್ಬರು" ಎಂದಳು ಅವಳು. ಎಲ್ಸಿ ಹಣ ಕೊಟ್ಟು ಮೀನು ತೆಗೆದುಕೊಂಡು ಬಂದಳು. ಆಮೇಲೆ ಮೀನಿಗೆ ಬೇರೆ ಅಂಗಡಿಗೆ ಹೋಗತೊಡಗಿದಳು.

ಡಿಸೆಂಬರಿನಲ್ಲಿ ಬ್ಲಾಂಚಳ ಮನೆಗೆ ಬಡಗಿಗಳು ಬಂದರು. ಹಳೆಯ ಅಡುಗೆಮನೆಯನ್ನು ಕಿತ್ತು ಹೊಸದು ಮಾಡಿದರು. ಕರಿಕಲ್ಲಿನ ಕಟ್ಟೆ, ಎರಡು ಬಾಗಿಲಿನ ಫ್ರಿಜ್ಜು. ಬ್ಲಾಂಚ್ ಎಲ್ಸಿಯನ್ನು ಕರೆದು ಆ ಕಟ್ಟೆಯ ಮುಂದೆ ಕೂರಿಸಿ ಕಾಫಿ ಕೊಟ್ಟಳು. "ಕೈ ಇಟ್ಟು ನೋಡೇ, ಎಷ್ಟು ತಣ್ಣಗಿದೆ" ಅಂದಳು. ಎಲ್ಸಿ ಕೈ ಇಟ್ಟು ನೋಡಿದಳು. ತಣ್ಣಗೇ ಇತ್ತು. ಚೆನ್ನಾಗಿದೆ ಎಂದಳು.

ಹೊಸ ವರ್ಷ ಬಂತು, ಹೋಯಿತು. ಮನೆಯನ್ನು ಕ್ಯಾಲಿಫೋರ್ನಿಯಾದ ಗಂಡಹೆಂಡಿರು ಕೊಂಡರು. ಸ್ನಾನದ ಮನೆಯನ್ನು ಕೆಡವಿ ಕಾರು ನಿಲ್ಲಿಸಲು ಜಾಗ ಮಾಡಿಕೊಂಡರು. ಎಲ್ಸಿಗೆ ವಯಸ್ಸಾದವರಿಗೆಂದು ಸರ್ಕಾರ ಕಟ್ಟಿದ ಕಟ್ಟಡದಲ್ಲಿ ಎರಡನೆಯ ಮಹಡಿಯ ಒಂದು ಕೋಣೆ ಸಿಕ್ಕಿತು. ಅಲ್ಲಿ ನಿಂತು ಮೈಮೇಲೆ ನೀರು ಬಿಟ್ಟುಕೊಳ್ಳುವ ಕೊಳಾಯಿ ಇದೆ, ತೊಟ್ಟಿಗೆ ಜಾಗವಿಲ್ಲ. ಚಳಿಗಾಲದಲ್ಲಿ ಅವಳ ಮೊಣಕಾಲಿನ ನೋವು ಹೆಚ್ಚಾಯಿತು.

ಆದರೂ ಅವಳು ಬ್ಲಾಂಚಳನ್ನು ದೂರಲಿಲ್ಲ. ಯಾರಾದರೂ ಮಾತು ತೆಗೆದರೆ, "ಅವಳು ಕೊಡ್ತೀನಿ ಅಂದ್ಲು, ನಾನೇ ಬೇಡ ಅಂದೆ" ಎನ್ನುತ್ತಿದ್ದಳು. ಮನಸ್ಸಿನೊಳಗೂ ಇದೇ ಲೆಕ್ಕ ಹಾಕಿಕೊಂಡಿದ್ದಳು. ಬ್ಲಾಂಚಳ ಮನೆಯಲ್ಲಿ ಬೇಡ ಅಂದರೆ ಬೇಡ. ಅವಳಿಗೆ ನಮ್ಮ ರೀತಿ ಗೊತ್ತಿಲ್ಲ. ಗೊತ್ತಿದ್ದರೆ ಇನ್ನೊಂದು ಸಲ ಕೇಳದೆ ಇರುತ್ತಿದ್ದಳೇ? ಬ್ರೆಡ್ಡಿನ ತುಂಡು ಹೋದ ಹಾಗೆಯೇ ಮನೆಯೂ ಹೋಯಿತು. ತಪ್ಪು ಯಾರದೂ ಅಲ್ಲ, ಇಬ್ಬರು ಬೆಳೆದ ಮನೆಗಳದು. ಈ ಲೆಕ್ಕದಲ್ಲಿ ಮನೆ ಕಳೆದರೂ ಗೆಳತಿ ಉಳಿಯುತ್ತಿದ್ದಳು. ಅವಳು ಬೇಕಾಗಿದ್ದಳು. ಆ ಕಟ್ಟಡದಲ್ಲಿ ಎಲ್ಸಿಯನ್ನು ನೋಡಲು ಬರುತ್ತಿದ್ದವಳು ಅವಳೊಬ್ಬಳೇ.

ಮುಂದಿನ ಬೇಸಿಗೆಯಲ್ಲಿ ಒಂದು ದಿನ ಬ್ಲಾಂಚ್ ಸಿಹಿ ಬ್ರೆಡ್ಡು ಹಿಡಿದುಕೊಂಡು ಬಂದಳು. ಎಲ್ಸಿ ಚಹಾ ಸೋಸಿದಳು.

"ಅಕ್ಟೋಬರಿಗೆ ಟಿಕೆಟ್ಟು ಮಾಡಿಸ್ತಾ ಇದೀನಿ. ನೀನೂ ಬಾ. ಖರ್ಚೆಲ್ಲ ನಂದು."

"ಬೇಡ ಕಣೇ. ನೀನು ಹೋಗಿ ಬಾ."

"ಬಾರೇ. ಒಬ್ಬಳೇ ಹೋಗಿ ನಾನೇನು ಮಾಡ್ಲಿ?"

"ಬೇಡ, ಬ್ಲಾಂಚ್. ಕಾಲು ನೋವು."

"ಗಾಲಿ ಕುರ್ಚಿ ಕೊಡ್ತಾರೆ. ನಾನೇ ತಳ್ತೀನಿ. ಬಾ."

"ನಿಜವಾಗ್ಲೂ ಬೇಡ." ಇದು ಎಲ್ಸಿಯ ನಿಜವಾದ ಮಾತೇ ಆಗಿತ್ತು. ಆ ಅಂಗಳದ ಗಂಟೆಯ ಸದ್ದನ್ನು ಮತ್ತೆ ಕೇಳುವುದು ಅವಳಿಗೆ ಬೇಕಿರಲಿಲ್ಲ.

ಬ್ಲಾಂಚ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕಳು. "ಸಾಕು ನಿನ್ನ ನಾಟಕ. ನಿಮ್ಮ ಜನ ನಂಗೆ ಗೊತ್ತಿಲ್ವಾ? ಮೂರು ಸಲ ಹೇಳಿಸ್ಕೊಳ್ಳದೆ ನಿಮಗೆ ಗಂಟಲಲ್ಲಿ ಅನ್ನ ಇಳಿಯಲ್ಲ. ಮೂರು ಸಲ ಆಯ್ತು. ಈಗ ಹೂಂ ಅನ್ನು."

ಎಲ್ಸಿ ಚಹಾದ ಪಾತ್ರೆಯನ್ನು ಕೆಳಗಿಟ್ಟಳು. "ಇದು ನಿಂಗೆ ಯಾವಾಗಿಂದ ಗೊತ್ತು?"

"ಯಾವುದು?"

"ಮೂರು ಸಲದ್ದು."

"ಒಳ್ಳೆ ಕೇಳ್ತೀಯ. ನಿಮ್ಮ ಸಾಲಿನ ಪಕ್ಕದಲ್ಲೇ ಹುಟ್ಟಿ ಬೆಳೆದೋಳು ನಾನು. ನಿಮ್ಮಮ್ಮನಿಗೆ ಮೊಟ್ಟೆ ಕೊಟ್ಟು ಬಾ ಅಂತ ನಮ್ಮಮ್ಮ ಕಳಿಸುವಾಗಲೇ ಹೇಳ್ತಿದ್ಲು, 'ಮೂರು ಸಲ ಹೇಳು, ಆಗ ತಗೋತಾರೆ' ಅಂತ. ಹಿಲೋದಲ್ಲಿ ಇದು ಯಾರಿಗೆ—"

ಅಲ್ಲಿಗೆ ಬ್ಲಾಂಚಳ ಮಾತು ನಿಂತಿತು. ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿದು, ಆಮೇಲೆ ಹೋಯಿತು. ಅವಳು ಲೋಟ ಎತ್ತಿದಳು. ಅದು ಖಾಲಿಯಾಗಿತ್ತು. ಎಲ್ಸಿ ಮತ್ತೆ ಚಹಾ ಹಾಕಿದಳು, ಯಾಕೆಂದರೆ ಖಾಲಿ ಲೋಟ ಕಂಡರೆ ಹಾಕಬೇಕು. ಬ್ಲಾಂಚ್ ಅದನ್ನು ಪೂರ್ತಿ ಕುಡಿದಳು.

"ಅವತ್ತು ನಂಗೂ..." ಎಂದು ಶುರು ಮಾಡಿದಳು ಬ್ಲಾಂಚ್. ಎಲ್ಸಿ ಕಾದಳು. ಬ್ಲಾಂಚ್ ಬೇರೇನನ್ನೋ ಹೇಳಿದಳು. "ಟಿಕೆಟ್ಟಿನವರಿಗೆ ಮಂಗಳವಾರದೊಳಗೆ ಹೇಳ್ಬೇಕು."

"ನೀನು ಒಬ್ಬಳದ್ದೇ ಮಾಡಿಸು" ಎಂದಳು ಎಲ್ಸಿ.

ಬ್ಲಾಂಚ್ ಎದ್ದಳು. ಎಲ್ಸಿಯೂ ಎದ್ದು, ನೋಯುವ ಮೊಣಕಾಲಿನಲ್ಲಿ ಎರಡು ಮಹಡಿ ಇಳಿದು ಕಾರಿನವರೆಗೂ ಜೊತೆಗೆ ಹೋದಳು. ಹೊರಟವರು ತಿರುವಿನಲ್ಲಿ ಮರೆಯಾಗುವವರೆಗೂ ನಿಂತು ಕೈ ಬೀಸಬೇಕು, ನಡುವೆ ಒಳಗೆ ಹೋಗಬಾರದು. ಎಲ್ಸಿ ನಿಂತು ಕೈ ಬೀಸಿದಳು. ಕಾರು ತಿರುವಿನಲ್ಲಿ ನಿಧಾನವಾಯಿತು, ಹಿಂದಿನ ಕೆಂಪು ದೀಪ ಹೊತ್ತಿಕೊಂಡಿತು, ಬ್ಲಾಂಚ್ ಕನ್ನಡಿಯಲ್ಲಿ ನೋಡುತ್ತಿದ್ದಿರಬೇಕು. ಎಲ್ಸಿಯ ಕೈ ಆಡುತ್ತಲೇ ಇತ್ತು. ಬ್ಲಾಂಚ್ ವಾಪಸು ಬರುವುದು ಅವಳಿಗೆ ಬೇಕಾಗಿರಲಿಲ್ಲ.